ಹಳೆ ಕಾಂಟ್ಯಾಕ್ಟರ್ ಪಾಯಿಂಟ್‌, ಕನ್ವರ್ಟರ್‌ಗಳಿಂದ ಬೆಳ್ಳಿ, ಪ್ಲಾಟಿನಂ ನಾವೇ ತೆಗೆಯಬಹುದಾ?

ಬೆಳಗಾವಿ ಉದ್ಯಮಬಾಗದ ನಿಮ್ಮ ಗುಜರಿ ಅಂಗಡಿಗೆ ಕಾಂಟ್ಯಾಕ್ಟರ್ ಪಾಯಿಂಟ್ (ಮೋಟರ್ ಆನ್-ಆಫ್ ಮಾಡುವ ದೊಡ್ಡ ಸ್ವಿಚ್ಚಿನಲ್ಲಿ ಒಂದಕ್ಕೊಂದು ತಾಗುವ ತುಂಡು), ಕಾರಿನ ಕ್ಯಾಟಲಿಟಿಕ್ ಕನ್ವರ್ಟರ್ (ಸೈಲೆನ್ಸರ್ ದಾರಿಯಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಡಬ್ಬಿ) ಬರುತ್ತವೆ, ಆಸಿಡ್‌ಗೆ ಹಾಕಿದರೆ ಲಾಭ ಇದೆಯಾ ಅಂತ ಕೇಳಿದ್ದೀರಿ. ನಾನು ಅದೇ ಏರಿಯಾದ ಪ್ಲೇಟಿಂಗ್ ವರ್ಕ್‌ಶಾಪಿನಲ್ಲಿ ಕೆಮಿಸ್ಟ್. ಬೆಳ್ಳಿ ತೆಗೆಯಬಹುದು, ಖರ್ಚು ಹಿಡಿದು ನೋಡಿ. ಪ್ಲಾಟಿನಂಗೆ ಕೈ ಹಚ್ಚಬೇಡಿ.

ಪಾಯಿಂಟಿನ ತುದಿಯ ಚಿಕ್ಕ ಬಿಲ್ಲೆ ಮಾತ್ರ ಬೆಳ್ಳಿಯದು, ಕೆಳಗಿನ ಪಟ್ಟಿ ತಾಮ್ರ. ಬಿಲ್ಲೆ ಬೇರೆ ಮಾಡದಿದ್ದರೆ ಆಸಿಡ್ ಎಲ್ಲ ತಾಮ್ರಕ್ಕೇ ಹೋಗುತ್ತದೆ. ಗ್ಯಾಸ್ ಹಿಡಿದು ಬಿಡಿಸಬೇಡಿ, ಗ್ರೈಂಡರೂ ಬೇಡ. ಹಳೆ ಪಾಯಿಂಟ್‌ಗಳಲ್ಲಿ ಬೆಳ್ಳಿ ಜೊತೆ ಕ್ಯಾಡ್ಮಿಯಂ ಆಕ್ಸೈಡ್ ಇರುವುದು ಜಾಸ್ತಿ, ಅದರ ಹೊಗೆ, ಧೂಳು ಎರಡೂ ವಿಷ.

ಬಿಲ್ಲೆ ಕರಗುವುದು ನೈಟ್ರಿಕ್ ಆಸಿಡ್‌ನಲ್ಲಿ. ಅದಕ್ಕೆ ಬೆರೆಸಲು ಡಿಸ್ಟಿಲ್ಡ್ ನೀರೇ ಬೇಕು, ಬೋರಿನ ನೀರು ಹಾಕಿದರೆ ಅದರಲ್ಲಿರುವ ಕ್ಲೋರೈಡ್‌ (ಉಪ್ಪಿನ ಅಂಶ) ತಾಗಿ ಕರಗಿದ ಬೆಳ್ಳಿ ಅಲ್ಲೇ ಬೆಳ್ಳಗೆ ಕದಡುತ್ತದೆ. ಬಿಲ್ಲೆ ಕರಗುವಾಗ ಏಳುವ ಕಂದು ಹೊಗೆ ಬಲು ಮೋಸದ್ದು. ಮೊದಲು ಬರೀ ಕೆಮ್ಮು, ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೊಗೆ ಎಳೆಯುವ ಹುಡ್ ಇಲ್ಲ ಅಂದ್ರೆ ಈ ಕೆಲಸವೇ ಇಲ್ಲ. ಸೋಸಿದ ದ್ರಾವಣಕ್ಕೆ ತಾಮ್ರದ ಪಟ್ಟಿ ಇಳಿಬಿಟ್ಟರೆ ಅದರ ಮೈಮೇಲೆ ಬೆಳ್ಳಿ ಬೂದು ಪಾಚಿಯ ಹಾಗೆ ಕೂಡುತ್ತದೆ, ತಟ್ಟಿದರೆ ಉದುರುತ್ತದೆ. ಒಂದು ಗ್ರಾಂ ತಾಮ್ರ ಕರಗಿದರೆ ಸುಮಾರು 3.4 ಗ್ರಾಂ ಬೆಳ್ಳಿ. ಒಂದೆರಡು ಹನಿ ದ್ರಾವಣ ತೆಗೆದು ಉಪ್ಪುನೀರು ಬಿಟ್ಟು ನೋಡಿ, ಬೆಳ್ಳಗಾಗದಿದ್ದರೆ ಬೆಳ್ಳಿ ಪೂರ್ತಿ ಬಂತು ಅಂತ. ಆ ಪುಡಿ ತೊಳೆದು, ಬಿಳಿಗಾರ ಹಾಕಿ ಕರಗಿಸುವುದು ಶಹಾಪುರದ ಸರಾಫರಿಗೆ ಗೊತ್ತಿರುವ ಕೆಲಸ.

ಲೆಕ್ಕ ತಪ್ಪುವುದು ಉಳಿದ ನೀಲಿ ನೀರಿನಲ್ಲಿ. ತಾಮ್ರ, ಕ್ಯಾಡ್ಮಿಯಂ ಎರಡೂ ಅದರಲ್ಲೇ ಇವೆ. ಜಪಾನಿನ ಜಿನ್‌ಜು ನದಿ ದಂಡೆಯ ಜನರ ಮೂಳೆ ಮುರಿದದ್ದು ಗಣಿಯಿಂದ ಹರಿದ ಇದೇ ಕ್ಯಾಡ್ಮಿಯಂಗೆ. ಅದನ್ನ ಗಟಾರಕ್ಕೆ ಬಿಡೋದಾ? ಸುಣ್ಣ ಹಾಕಿ ಗಸಿ ಕೂರಿಸಿ, ಆ ಗಸಿಯನ್ನು ಅಪಾಯಕಾರಿ ತ್ಯಾಜ್ಯದ ಪರವಾನಗಿ ಇರುವವರಿಗೆ ದುಡ್ಡು ಕೊಟ್ಟು ಕಳಿಸಬೇಕು. ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆಯೂ ಬೇಕು. ಯೂಟ್ಯೂಬ್‌ನವರು ಈ ಖರ್ಚಿನ ಸುದ್ದಿಯನ್ನೇ ಎತ್ತುವುದಿಲ್ಲ.

ಇನ್ನು ಕನ್ವರ್ಟರ್. ಒಳಗಿನ ಪಿಂಗಾಣಿ ಜಾಲರಿಯಲ್ಲಿ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಲ್ಲ ಸೇರಿ ಕೆಲವೇ ಗ್ರಾಂ ಇರುತ್ತದೆ. ಹೈಡ್ರೋಕ್ಲೋರಿಕ್, ನೈಟ್ರಿಕ್ ಬೆರೆಸಿದ ಆಕ್ವಾ ರೀಜಿಯಾಕ್ಕೂ ರೋಡಿಯಂ ಸುಲಭಕ್ಕೆ ಜಗ್ಗುವುದಿಲ್ಲ. ಪ್ಲಾಟಿನಂ ಕರಗಿ ಆಗುವ ಲವಣ ಒಮ್ಮೆ ಮೈಗೆ ಅಲರ್ಜಿಯಾಯಿತೋ, ಆಮೇಲೆ ಚೂರು ಧೂಳಿಗೂ ಅಸ್ತಮಾ. ಡಬ್ಬಿ ಒಡೆಯದೆ ಹಾಗೇ ಇಡಿ, ಒಡೆದರೆ ಜಾಲರಿಯಿಂದ ಧೂಳು ಉದುರುತ್ತದೆ, ಲೋಹ ಇರುವುದೇ ಆ ಧೂಳಿನಲ್ಲಿ. ಸ್ಯಾಂಪಲ್ ಪರೀಕ್ಷೆ ಮಾಡಿಸಿ, ಸಿಕ್ಕ ಲೋಹದ ಲೆಕ್ಕಕ್ಕೆ ರೇಟು ಕೊಡುವವರಿಗೇ ಮಾರಿ. ಡಬ್ಬಿಗಿಷ್ಟು ಅಂತ ಸುಮ್ನೆ ರೇಟು ಹೇಳುವವರ ಹತ್ತಿರ ಚೌಕಾಸಿಗೂ ಇಳಿಯಬೇಡಿ.