ತೋಟ, ಒಟ್ಟಿಗೆ ಊಟ, ಧ್ಯಾನ ಅಂತ ಹತ್ತು ಹನ್ನೆರಡು ಜನ ಸೇರಿ ಬದುಕೋದು ನಿಜವಾಗ್ಲೂ ಹೇಗಿರುತ್ತೆ?

ನೀವು ಕೇಳಿರೋದು ಇಷ್ಟು: ಹತ್ತು ಹನ್ನೆರಡು ಜನ ಸೇರಿ ತರಕಾರಿ ಬೆಳ್ಕೊಂಡು, ಒಂದೇ ಅಡುಗೆಮನೆಯಲ್ಲಿ ಉಂಡು, ಧ್ಯಾನ ಮಾಡ್ಕೊಂಡು ಇರೋ ಜಾಗಕ್ಕೆ ಕೆಲಸ ಬಿಟ್ಟು ಹೋಗ್ಬೇಕು ಅನ್ನಿಸ್ತಿದೆ, ಅಲ್ಲಿ ಶಾಂತಿ ಸಿಗುತ್ತಾ ಅಥವಾ ಇದು ಬರೀ ಓಡಿಹೋಗೋದಾ ಅಂತ. ನಾನು ಅಂಥ ಒಂದು ಕಡೆ ಮೂರು ವರ್ಷ ಇದ್ದೆ, ಹನ್ನೆರಡು ಜನ ಇದ್ವಿ, ಹಾಗಾಗಿ ನೋಡಿದ್ದನ್ನ ಹೇಳ್ತೀನಿ.

ಮೊದಲು ಒಂದು ಮಾತು. ಇಂಥ ಜಾಗದ ಬಗ್ಗೆ ಯೋಚಿಸುವಾಗ ನಮ್ಮ ಕಣ್ಣಿಗೆ ಬರೋದು ಬೆಳಗಿನ ಧ್ಯಾನ, ಸಂಜೆ ತೋಟದಲ್ಲಿ ಓಡಾಟ, ಎಲ್ರೂ ಸುತ್ತ ಕೂತು ಊಟ ಮಾಡೋದು. ಕಣ್ಣಿಗೆ ಬರದೇ ಇರೋದು ಊಟ ಆದ್ಮೇಲಿನ ಪಾತ್ರೆ. ಹನ್ನೆರಡು ಜನ ಮೂರು ಹೊತ್ತು ಅಂದ್ರೆ ದಿನಕ್ಕೆ 36 ತಟ್ಟೆ, ಜೊತೆಗೆ ಲೋಟ, ತಳ ಹಿಡಿದ ದೊಡ್ಡ ಪಾತ್ರೆಗಳು, ಇದು ಒಂದು ದಿನಾನೂ ತಪ್ಪಲ್ಲ, ಹಬ್ಬ ಬರ್ಲಿ ಮೌನ ಶಿಬಿರ ಬರ್ಲಿ. ಅಲ್ಲಿ ಏನಾಗುತ್ತೆ ಅನ್ನೋದರ ಮೇಲೆ ಆ ಜಾಗ ಉಳಿಯುತ್ತೋ ಇಲ್ವೋ ಅಂತ ನಿರ್ಧಾರ ಆಗುತ್ತೆ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ದೇವರ ಬಗ್ಗೆ ನಮ್ಮಲ್ಲಿ ಒಂದೇ ಒಂದು ಸಲ ಕೂಡ ಜಗಳ ಆಗ್ಲಿಲ್ಲ. ಒಬ್ಬರು ಜಪ ಮಾಡೋರು, ಒಬ್ಬರಿಗೆ ದೇವರಲ್ಲಿ ನಂಬಿಕೆನೇ ಇರ್ಲಿಲ್ಲ, ಉಳಿದೋರು ನಡುವೆ ಎಲ್ಲೋ ಇದ್ವಿ, ಊಟಕ್ಕೆ ಮುಂಚೆ ಒಂದು ನಿಮಿಷ ಸುಮ್ನೆ ಕೂರ್ತಿದ್ವಿ, ಒಳಗೆ ಯಾರು ಏನು ಹೇಳ್ಕೊಂಡ್ರು ಅಂತ ಯಾರೂ ಕೇಳ್ತಿರ್ಲಿಲ್ಲ. ಜಗಳ ಎಲ್ಲಾ ಪಾತ್ರೆ, ಪೊರಕೆ, ನೀರು ಬಿಡೋ ಸರದಿ ಇಂಥದ್ದಕ್ಕೇ.

ಎರಡನೇ ವರ್ಷದ ಒಂದು ಘಟನೆ ಹೇಳ್ತೀನಿ, ಅದು ನನ್ನನ್ನ ಬದಲಾಯಿಸ್ತು. ಏಳು ದಿನದ ಮೌನ ಅಂತ ಇಟ್ಕೊಂಡಿದ್ವಿ, ಸರಿಯಾಗಿ ಬೀನ್ಸ್ ಕಾಯಿ ಬಿಡೋ ಹೊತ್ತಲ್ಲಿ. ಬೀನ್ಸ್ ಬೆಳೆದೋರಿಗೆ ಗೊತ್ತಿರುತ್ತೆ, ಎರಡು ಮೂರು ದಿನಕ್ಕೊಮ್ಮೆ ಕೀಳ್ತಾನೇ ಇರ್ಬೇಕು, ಬಿಟ್ರೆ ಕಾಯಿ ಬಲಿತು ನಾರಾಗುತ್ತೆ, ಅಷ್ಟೇ ಅಲ್ಲ, ಒಳಗೆ ಬೀಜ ಬಲಿತ ಮೇಲೆ ಗಿಡಕ್ಕೆ ತನ್ನ ಕೆಲಸ ಮುಗೀತು, ಹೂ ಬಿಡೋದನ್ನೇ ಕಡಿಮೆ ಮಾಡುತ್ತೆ. ನಾವು ಏಳು ದಿನ ಕಣ್ಣು ಮುಚ್ಚಿ ಕೂತ್ವಿ, ಎಂಟನೇ ದಿನ ತೋಟಕ್ಕೆ ಹೋದ್ರೆ ಸಾಲು ಪೂರ್ತಿ ಬಲಿತು ಕೂತಿದೆ. ಅವತ್ತು ರಾತ್ರಿ ಎಲ್ರೂ ಸೇರಿ ಶಿಬಿರ ಎಷ್ಟು ಚೆನ್ನಾಗಿತ್ತು, ಯಾರ್ಯಾರಿಗೆ ಏನೇನು ಅನುಭವ ಆಯ್ತು ಅಂತ ಹೇಳ್ಕೊಳ್ತಾ ಇದ್ವಿ, ನಾನೂ ಉದ್ದಕ್ಕೆ ಏನೋ ಹೇಳ್ದೆ. ಕೊನೆಗೆ ನಮ್ಮಲ್ಲಿ ಎಲ್ರಿಗಿಂತ ದೊಡ್ಡವರಾದ ಅಕ್ಕ ಒಬ್ರು ಇದ್ರು, ಅವರ ಸರದಿ ಬಂತು. ಅವರು ಹೇಳಿದ್ದು ಇಷ್ಟೇ, "ನೀವೆಲ್ಲ ಏಳು ದಿನ ಕೂತ್ರಿ, ನಾನು ಏಳು ದಿನ ನಿಂತಿದ್ದೆ."

ಹೌದು, ಆ ಏಳೂ ದಿನ ಅಡುಗೆ ಅವರೇ ಮಾಡಿದ್ರು. ಮೂರೂ ಹೊತ್ತು ತಟ್ಟೆ ನನ್ನ ಮುಂದೆ ಬಂದಿತ್ತು, ನಾನು ಬಾಯಲ್ಲಿ ಪ್ರತಿ ತುತ್ತನ್ನ ಗಮನಿಸ್ತಾ ತಿಂದಿದ್ದೆ, ಆದ್ರೆ ಅದನ್ನ ಯಾರು ಮಾಡಿದ್ರು ಅಂತ ಒಂದು ಸಲಾನೂ ಗಮನಿಸಿರ್ಲಿಲ್ಲ. ಇದನ್ನ ಬರೆಯುವಾಗ ಈಗ್ಲೂ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತೆ.

ಆಮೇಲೆ ಈ ವಿಷಯ ಓದೋಕೆ ಶುರು ಮಾಡ್ದೆ, ನಮ್ಮ ತಪ್ಪು ಎಷ್ಟು ಹಳೇದು ಅಂತ ಆಗ ಗೊತ್ತಾಯ್ತು. 1843ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬ್ರಾನ್ಸನ್ ಆಲ್ಕಾಟ್ ಮತ್ತೆ ಚಾರ್ಲ್ಸ್ ಲೇನ್ ಅನ್ನೋರು ಫ್ರೂಟ್‌ಲ್ಯಾಂಡ್ಸ್ ಅಂತ ಒಂದು ಸಮುದಾಯ ಕಟ್ಟಿದ್ರು, ಮಾಂಸ ಇಲ್ಲ, ಹಾಲಿಲ್ಲ, ಪ್ರಾಣಿಗಳ ಕೈಲಿ ದುಡಿಸಬಾರದು, ಆತ್ಮದ ಉನ್ನತಿನೇ ಗುರಿ. ಏಳು ತಿಂಗಳಿಗೆ ಮುಚ್ಚಿಹೋಯ್ತು. ಬಾರ್ಲಿ ಕೊಯ್ದು ಒಳಗೆ ತರಬೇಕಾದ ಹೊತ್ತಲ್ಲಿ ಗಂಡಸರು ತತ್ವ ಹೇಳೋಕೆ ಊರೂರು ತಿರುಗ್ತಿದ್ರು, ಮಳೆ ಬರೋ ಮುಂಚೆ ಬಾರ್ಲಿ ಒಳಗೆ ಹಾಕಿದ್ದು ಆಲ್ಕಾಟ್ ಅವರ ಹೆಂಡತಿ ಮತ್ತೆ ಮಕ್ಕಳು ಅಂತ ಆ ಮಕ್ಕಳಲ್ಲೇ ಒಬ್ಬಳು, ಆಗ ಹತ್ತು ವರ್ಷದ ಲೂಯಿಸಾ, ಮುಂದೆ ದೊಡ್ಡ ಲೇಖಕಿಯಾದ ಮೇಲೆ ಬರೆದಿಟ್ಟಿದ್ದಾರೆ. ಅದನ್ನ ಓದಿದಾಗ ನನಗೆ ನಮ್ಮ ಬೀನ್ಸ್ ಸಾಲೇ ಕಣ್ಮುಂದೆ ಬಂತು.

ಇನ್ನೊಂದು ಕಡೆ ನೂರಾರು ವರ್ಷ ಉಳಿದ ಜಾಗಗಳನ್ನ ನೋಡಿ. 6ನೇ ಶತಮಾನದಲ್ಲಿ ಇಟಲಿಯ ಕ್ರೈಸ್ತ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮದಲ್ಲಿ ಅಡುಗೆಮನೆ ಸರದಿಗೇ ಒಂದು ಅಧ್ಯಾಯ ಇದೆ. ಕಾಯಿಲೆ ಇದ್ದೋರು, ಬೇರೆ ಮುಖ್ಯ ಕೆಲಸದಲ್ಲಿ ಇರೋರನ್ನ ಬಿಟ್ಟು ಎಲ್ರೂ ವಾರದ ಸರದಿ ಮಾಡ್ಲೇಬೇಕು, ಶನಿವಾರ ಸರದಿ ಮುಗಿಸೋನು ಕೈ ಒರೆಸೋ ಬಟ್ಟೆ ಒಗೆದು, ಹೊಸದಾಗಿ ಬರೋನ ಜೊತೆ ಸೇರಿ ಎಲ್ಲರ ಕಾಲು ತೊಳೀಬೇಕು. ಮಠದ ಪಾತ್ರೆ ಸಾಮಾನನ್ನ ಪೂಜಾಪೀಠದ ಪಾತ್ರೆ ಥರಾನೇ ನೋಡ್ಕೋಬೇಕು ಅಂತ ಬೇರೆ ಇದೆ. ಚೀನಾದ ಜೆನ್ ಬೌದ್ಧ ಗುರು ಬೈಝಾಂಗ್ ಬಗ್ಗೆ ಒಂದು ಕಥೆ ಇದೆ, ವಯಸ್ಸಾಯ್ತು ಅಂತ ಶಿಷ್ಯರು ಅವರ ಗುದ್ದಲಿ ಬಚ್ಚಿಟ್ರಂತೆ, ಅವರು ಊಟಾನೇ ಬಿಟ್ರಂತೆ, ಒಂದು ದಿನ ಕೆಲಸ ಇಲ್ಲ ಅಂದ್ರೆ ಒಂದು ದಿನ ಊಟ ಇಲ್ಲ ಅಂತ. ಗುದ್ದಲಿ ವಾಪಸ್ ಕೊಟ್ಟ ಮೇಲೇ ಉಂಡಿದ್ದು. ಧರ್ಮದ ಮಾತೇ ಇಲ್ಲದ ಕಡೇನೂ ಇದೇ, ಅಮೆರಿಕದ ವರ್ಜೀನಿಯಾದಲ್ಲಿ ಟ್ವಿನ್ ಓಕ್ಸ್ ಅನ್ನೋ ಸಮುದಾಯ 1967ರಿಂದ ನಡೀತಾ ಇದೆ, ಅಲ್ಲಿ ಅಡುಗೆ ಆಗ್ಲಿ, ಮಗು ನೋಡ್ಕೊಳೋದಾಗ್ಲಿ, ದುಡ್ಡು ತರೋ ಕೆಲಸ ಆಗ್ಲಿ, ಒಂದು ಗಂಟೆ ಅಂದ್ರೆ ಒಂದು ಗಂಟೆನೇ, ಯಾವುದೂ ಹೆಚ್ಚಲ್ಲ ಯಾವುದೂ ಕಡಿಮೆ ಅಲ್ಲ.

ನಾವೂ ಬದಲಾಯಿಸಿದ್ವಿ. ಇಬ್ಬಿಬ್ಬರು ಒಂದೊಂದು ವಾರ ಅಡುಗೆ, ಧ್ಯಾನ ಹೇಳ್ಕೊಡ್ತಿದ್ದ ಹಿರಿಯರೂ ಸೇರಿ. ಅವರು ಮೊದಲ ಸಲ ಪಾತ್ರೆ ತಿಕ್ಕೋಕೆ ನಿಂತ ದಿನ ಅಕ್ಕ ಧ್ಯಾನದ ಕೋಣೆಗೆ ಬಂದು ನನ್ನ ಪಕ್ಕ ಕೂತ್ರು. ಆ ಒಂದು ಗಂಟೆ ನನಗೆ ತುಂಬ ದೊಡ್ಡದು. ಕೆಲಸ ಶುರು ಮಾಡೋ ಮುಂಚೆ ಒಂದು ನಿಮಿಷ ಸುತ್ತ ನಿಂತು ಕೈ ಹಿಡ್ಕೊಂಡು ಸುಮ್ನೆ ಇರೋದನ್ನೂ ಶುರು ಮಾಡಿದ್ವಿ, ಇದು ಸ್ಕಾಟ್ಲೆಂಡ್‌ನ ಫಿಂಡ್‌ಹಾರ್ನ್ ಅನ್ನೋ ಸಮುದಾಯದಿಂದ ಬಂದ ಪದ್ಧತಿ, 1962ರಲ್ಲಿ ಮರಳು ನೆಲದ ಕಾರವಾನ್ ಪಾರ್ಕ್ (ಗಾಡಿಮನೆಗಳು ನಿಲ್ಲೋ ಜಾಗ) ಒಂದರಲ್ಲಿ ಮೂರು ಜನ ದೊಡ್ಡವರು ತರಕಾರಿ ಬೆಳೀತಾ ಶುರುವಾದ ಜಾಗ ಅದು. ಕೈ ಹಿಡ್ಕೊಳೋದು ಮೊದಲು ಮುಜುಗರ ಆಗುತ್ತೆ, ಆದ್ರೆ ಬೆಳಿಗ್ಗೆ ಯಾರ ಜೊತೆ ಮಾತು ಬಿಟ್ಟಿದೀವೋ ಅವರ ಕೈ ಹಿಡ್ಕೊಂಡು ಒಂದು ನಿಮಿಷ ನಿಂತ ಮೇಲೆ ಕೋಪ ಅಷ್ಟು ಹೊತ್ತು ಉಳಿಯಲ್ಲ.

ತೋಟದ ಬಗ್ಗೆ ಹೇಳ್ಬೇಕು ಅಂದ್ರೆ, ನಾವೇ ಬೆಳೆದು ನಾವೇ ತಿಂತೀವಿ ಅನ್ನೋದನ್ನ ಪೂರ್ತಿ ನಂಬ್ಬೇಡಿ. ನಮಗೆ ತರಕಾರಿ, ಸೊಪ್ಪು ಸಾಕಷ್ಟು ಸಿಗ್ತಿತ್ತು, ಧಾನ್ಯ, ಎಣ್ಣೆ ಎಲ್ಲ ಕೊಂಡೇ ತರ್ತಿದ್ವಿ. ನನಗೆ ತೋಟದಲ್ಲಿ ತುಂಬ ಇಷ್ಟ ಆಗಿದ್ದು ಗೊಬ್ಬರದ ಗುಡ್ಡೆ. ಅಡುಗೆಮನೆ ಹಸಿ ಕಸ ಒಂದು ಬಕೆಟ್‌ಗೆ ಒಣ ಎಲೆ ಎರಡು ಮೂರು ಬಕೆಟ್, ಹಿಂಡಿದ ಸ್ಪಂಜಿನಷ್ಟು ತೇವ, ಆಗಾಗ ತಿರುವಿ ಹಾಕೋದು. ದೊಡ್ಡ ಗುಡ್ಡೆ ಸರಿಯಾಗಿ ಹಾಕಿದ್ರೆ ಕೆಲವೇ ದಿನದಲ್ಲಿ ಒಳಗೆ 55ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿ ಏರುತ್ತೆ, ಕಳೆ ಬೀಜ ಕೂಡ ಅದರಲ್ಲಿ ಸಾಯುತ್ತೆ. ಚಳಿ ಬೆಳಿಗ್ಗೆ ಗುಡ್ಡೆ ತೆಗೆದ್ರೆ ಹಬೆ ಏಳೋದು. ವಾಸನೆ ಬಂದ್ರೆ ಹಸಿ ಜಾಸ್ತಿ ಆಗಿದೆ ಅಂತ, ಬಿಸಿನೇ ಏರ್ಲಿಲ್ಲ ಅಂದ್ರೆ ಒಣಗಿದೆ ಅಥವಾ ಹಸಿ ಕಸ ಕಡಿಮೆ ಆಗಿದೆ ಅಂತ. ನಾವು ಎಷ್ಟೇ ಚೆನ್ನಾಗಿ ಮಾತಾಡಿದ್ರೂ ಗುಡ್ಡೆ ಸುಳ್ಳು ಹೇಳಲ್ಲ. ಪುದುಚೇರಿ ಹತ್ರದ ಆರೋವಿಲ್ ಸಮುದಾಯದ ಬಗ್ಗೆ ನೀವು ಕೇಳಿರ್ತೀರ, 1968ರಲ್ಲಿ ಶುರುವಾಗಿದ್ದು, ಅಲ್ಲೂ ಮೊದಲು ಬಂದವರು ಬೋಳು ಕೆಂಪು ನೆಲದಲ್ಲಿ ಬದು ಹಾಕಿ ಗಿಡ ನೆಡೋದರಲ್ಲೇ ವರ್ಷಗಳನ್ನ ಕಳೆದ್ರು, ಅಲ್ಲಿನ ಧ್ಯಾನಮಂದಿರ ಮಾತೃಮಂದಿರ ಪೂರ್ತಿ ಆಗೋ ಹೊತ್ತಿಗೆ 2008 ಆಗಿತ್ತು.

ಈಗ ನಿಮ್ಮ ಪ್ರಶ್ನೆ, ಇದು ಓಡಿಹೋಗೋದಾ. ನನ್ನ ಮಟ್ಟಿಗೆ ಮೊದಲ ಆರು ತಿಂಗಳು ಹೌದು. ಅಣ್ಣನ ಜೊತೆ ಮಾತು ಬಿಟ್ಟು ಬಂದಿದ್ದೆ, ಅಲ್ಲಿ ಹೋದ್ರೆ ಅವನ ಹಾಗೇ ಜೋರಾಗಿ ಮಾತಾಡೋ, ಅವನ ಹಾಗೇ ಹೇಳದೆ ಕೇಳದೆ ನನ್ನ ಕೆಲಸ ತಿದ್ದೋ ಒಬ್ರು ಸಿಕ್ರು, ಅದೂ ಪಕ್ಕದ ಕೋಣೆಯಲ್ಲಿ. ಮನೆಯಲ್ಲಾಗಿದ್ರೆ ಬಾಗಿಲು ಹಾಕ್ಕೊಂಡು ಇರ್ಬಹುದಿತ್ತು, ಇಲ್ಲಿ ಬೆಳಿಗ್ಗೆ ಅವರ ಜೊತೆನೇ ಪಾತಿ ಅಗೀಬೇಕು, ರಾತ್ರಿ ಅವರು ಮಾಡಿದ್ದನ್ನೇ ಉಣ್ಬೇಕು. ಎರಡು ವರ್ಷ ಬೇಕಾಯ್ತು ಅವರನ್ನ ಅವರಾಗೇ ನೋಡೋಕೆ. ಆಮೇಲೆ ಅಣ್ಣಂಗೆ ಫೋನ್ ಮಾಡ್ದೆ. ಧ್ಯಾನದಿಂದ ಇದು ಆಯ್ತಾ ಪಾತಿ ಅಗೆದಿದ್ದರಿಂದ ಆಯ್ತಾ ಅಂತ ಬೇರೆ ಮಾಡಿ ಹೇಳೋಕೆ ನನ್ನ ಕೈಲಿ ಆಗಲ್ಲ. ಶಾಂತಿ ಸಿಗ್ತಾ ಅಂದ್ರೆ, ನೀವು ಅಂದ್ಕೊಂಡಿರೋ ಥರದ್ದು ಕಡಿಮೆ ಸಿಕ್ತು, ಆದ್ರೆ ನನ್ನ ಸಿಟ್ಟು ಎಲ್ಲಿಂದ ಏಳುತ್ತೆ ಅಂತ ಕಾಣೋಕೆ ಶುರುವಾಯ್ತು.

ಕೆಲಸ ಈಗ್ಲೇ ಬಿಡ್ಬೇಡಿ. ಮೊದಲು ಒಂದು ತಿಂಗಳು ರಜೆ ಹಾಕಿ ಹೋಗಿ ಇದ್ದು ಬನ್ನಿ, ಅದೂ ಶಿಬಿರ, ಉತ್ಸವ ಇರುವಾಗ ಅಲ್ಲ, ತೋಟದಲ್ಲಿ ಕೆಲಸ ಜಾಸ್ತಿ ಇರೋ ಹೊತ್ತಲ್ಲಿ, ಹೋದ ದಿನಾನೇ ನನ್ನನ್ನ ಅಡುಗೆಮನೆಗೆ ಹಾಕಿ ಅಂತ ಕೇಳಿ. ಗೋಡೆ ಮೇಲೆ ಸರದಿ ಪಟ್ಟಿ ಇದೆಯಾ, ಅದರಲ್ಲಿ ಗುರುಗಳ ಅಥವಾ ಮುಖ್ಯಸ್ಥರ ಹೆಸರು ಇದೆಯಾ, ಪಟ್ಟಿಯಲ್ಲಿ ಇರೋ ಹೆಸರಿನವರೇ ಸಿಂಕ್ ಹತ್ರ ನಿಂತಿರ್ತಾರಾ ಅಂತ ನೋಡಿ. ಜಮೀನು ಯಾರ ಹೆಸರಲ್ಲಿದೆ ಕೇಳಿ, ಲೆಕ್ಕದ ಪುಸ್ತಕ ಎಲ್ರೂ ನೋಡ್ಬಹುದಾ ಕೇಳಿ, ಬಿಟ್ಟು ಹೋದವರ ಜೊತೆ ಮಾತಾಡಿಸಿ ಅಂತ ಕೇಳಿ. ಬಿಟ್ಟು ಹೋದವರ ಬಗ್ಗೆ ಕೆಟ್ಟದಾಗೇ ಮಾತಾಡೋ ಜಾಗ, ಮನೆಯವರ ಜೊತೆ ಸಂಪರ್ಕ ಕಡಿಮೆ ಮಾಡಿ ಅನ್ನೋ ಜಾಗ, ಉಳಿತಾಯ ಮೊದಲೇ ತಂದು ಕೊಡಿ ಅನ್ನೋ ಜಾಗ, ಇವು ಮೂರರಲ್ಲಿ ಒಂದು ಕಂಡ್ರೂ ಅವತ್ತೇ ಬ್ಯಾಗ್ ಎತ್ಕೊಂಡು ವಾಪಸ್ ಬನ್ನಿ, ತೋಟ ಎಷ್ಟೇ ಚೆಂದ ಇರ್ಲಿ.

ನೀವು ನೋಡಿರೋ ಜಾಗದವರು ನಿಯಮಗಳನ್ನ ಬರೆದು ಕೊಟ್ಟಿದ್ರೆ, ಹೆಸರು ತೆಗೆದು ದುಡ್ಡಿನ ಮತ್ತೆ ಬಿಟ್ಟು ಹೋಗೋದರ ಭಾಗ ಇಲ್ಲಿ ಹಾಕಿ, ಓದಿ ನನಗೆ ಅನ್ನಿಸಿದ್ದು ಹೇಳ್ತೀನಿ.