ಈಜುಕೊಳದ ಪ್ರಶ್ನೆಗಳು: ಏಷ್ಯಾ ಅಕ್ವಾಟಿಕ್ಸ್ ಅಂದ್ರೇನು, ನಮ್ಮ ಮಕ್ಕಳಿಗೂ ಅದಕ್ಕೂ ಏನು ಸಂಬಂಧ?

2025ರ ಸೆಪ್ಟೆಂಬರ್ ಕೊನೆಗೆ ಅಹಮದಾಬಾದ್‌ನಲ್ಲಿ ಏಷ್ಯನ್ ಅಕ್ವಾಟಿಕ್ಸ್ ಚಾಂಪಿಯನ್‌ಶಿಪ್ ನಡೀತಲ್ಲ, ಆವಾಗಿಂದ ಈಜಿನ ಬಗ್ಗೆ ಪತ್ರಗಳು ತುಂಬಾ ಬರ್ತಾ ಇವೆ. ಬರೆಯೋರಲ್ಲಿ ಹೆಚ್ಚಿನವರು ಬೆಳಗಿನ ಜಾವ ಮಕ್ಕಳನ್ನ ಎಬ್ಬಿಸಿ ಪೂಲ್‌ಗೆ ಕರ್ಕೊಂಡು ಹೋಗೋ ಅಪ್ಪ ಅಮ್ಮಂದಿರು, ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರಿಗೇ.

ಪ್ರಶ್ನೆ: ಏಷ್ಯಾ ಅಕ್ವಾಟಿಕ್ಸ್ ಅನ್ನೋದು ಏನು ಸರ್? ಸರ್ಕಾರದ್ದಾ? ಒಲಿಂಪಿಕ್ಸ್ ಕಮಿಟಿದಾ? (ಶಾಲಾ ಶಿಕ್ಷಕರು, ದಾವಣಗೆರೆ)

ಎರಡೂ ಅಲ್ಲ ಮೇಷ್ಟ್ರೇ. ಕೆಳಗಿನಿಂದ ಹೇಳ್ತೀನಿ, ಬೇಗ ಅರ್ಥ ಆಗತ್ತೆ. ನಿಮ್ಮೂರಿನ ಕ್ಲಬ್ಬು ಕರ್ನಾಟಕ ಈಜು ಸಂಸ್ಥೆ ಕೆಳಗೆ ಬರತ್ತೆ, ಆ ರಾಜ್ಯ ಸಂಸ್ಥೆ ಸ್ವಿಮ್ಮಿಂಗ್ ಫೆಡರೇಷನ್ ಆಫ್ ಇಂಡಿಯಾ ಕೆಳಗೆ, ಅದು ಏಷ್ಯಾ ಮಟ್ಟದಲ್ಲಿ ಏಷ್ಯಾ ಅಕ್ವಾಟಿಕ್ಸ್‌ಗೂ ಜಗತ್ತಿನ ಮಟ್ಟದಲ್ಲಿ ವರ್ಲ್ಡ್ ಅಕ್ವಾಟಿಕ್ಸ್‌ಗೂ ಸದಸ್ಯ. ವರ್ಲ್ಡ್ ಅಕ್ವಾಟಿಕ್ಸ್ ಅಂದ್ರೆ 1908ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಹಳೇ ಫಿನಾನೇ, 2022ರ ಕೊನೆಗೆ ಹೆಸರು ಬದಲಾಯಿಸ್ಕೊಂಡ್ತು. ಅದರ ಬೆನ್ನಿಗೇ ಖಂಡದ ಫೆಡರೇಷನ್‌ಗಳೂ ಹೆಸರು ಬದಲಿಸಿದ್ವು, ಹಾಗಾಗಿ ಮೊದಲು ಏಷ್ಯನ್ ಅಮೆಚೂರ್ ಸ್ವಿಮ್ಮಿಂಗ್ ಫೆಡರೇಷನ್ ಅಂತ ಇದ್ದದ್ದು ಈಗ ಏಷ್ಯಾ ಅಕ್ವಾಟಿಕ್ಸ್. ಯುರೋಪ್, ಆಫ್ರಿಕಾ, ಅಮೆರಿಕಾ ಖಂಡಗಳು, ಓಷಿಯಾನಿಯಾ ಸೇರಿ ಇಂಥವು ಒಟ್ಟು ಐದಿವೆ.

ಬರೀ ಈಜು ಒಂದೇ ಅಲ್ಲ, ಡೈವಿಂಗ್, ವಾಟರ್ ಪೋಲೋ, ಆರ್ಟಿಸ್ಟಿಕ್ ಸ್ವಿಮ್ಮಿಂಗ್, ಸಮುದ್ರ ಕೆರೆಗಳಲ್ಲಿ ನಡೆಯೋ ಓಪನ್ ವಾಟರ್ ಈಜು ಎಲ್ಲಾ ಇದರ ಕೆಳಗೇ ಬರೋದು. ಮೊದಲ ಏಷ್ಯನ್ ಚಾಂಪಿಯನ್‌ಶಿಪ್ 1980ರಲ್ಲಿ ದುಬೈನಲ್ಲಿ ಆಯ್ತು. 2016ರಲ್ಲಿ ಟೋಕಿಯೋದಲ್ಲಿ ಆದ ಹತ್ತನೇದಾದ್ಮೇಲೆ ಮುಂದಿನದು 2020ರಲ್ಲಿ ಫಿಲಿಪೀನ್ಸ್‌ನಲ್ಲಿ ಆಗ್ಬೇಕಿತ್ತು, ಕೋವಿಡ್ ಬಂತು, ನಿಂತೋಯ್ತು. ಹನ್ನೊಂದನೇದು 2025ರಲ್ಲಿ ಅಹಮದಾಬಾದ್‌ನಲ್ಲಿ ಆದದ್ದು, ಭಾರತದಲ್ಲಿ ಅದೇ ಮೊದಲು. ಒಂಬತ್ತು ವರ್ಷದ ಗ್ಯಾಪ್ ಅಂದ್ರೆ ಯೋಚನೆ ಮಾಡಿ, ಒಬ್ಬ ಈಜುಗಾರನ ಪೂರ್ತಿ ಕರಿಯರ್ರೇ ಅಷ್ಟರಲ್ಲಿ ಮುಗಿದುಹೋಗತ್ತೆ.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ಒಂದು ರಾಜ್ಯ ಮೀಟ್‌ನಲ್ಲಿ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಎರಡನೇ ಸ್ಥಾನ ಬಂದ್ಲು, ಆದ್ರೆ ಬೋರ್ಡ್ ಮೇಲೆ ಡಿಕ್ಯೂ, ಅಂದ್ರೆ ಅನರ್ಹ ಅಂತ ಬಂತು. ಕೇಳಿದ್ರೆ ಟರ್ನ್‌ನಲ್ಲಿ ಕೈ ಸರಿಯಾಗಿ ಮುಟ್ಟಿಲ್ಲ ಅಂದ್ರು. ಅವಳು ರಾತ್ರಿಯೆಲ್ಲಾ ಅತ್ಲು. ಏಷ್ಯಾ ಫೆಡರೇಷನ್‌ಗೆ ದೂರು ಕೊಡಬಹುದಾ? (ಒಬ್ಬ ತಾಯಿ, ಮೈಸೂರು)

ಅಮ್ಮಾ, ಮಗು ಅತ್ತಿದ್ದು ಓದಿ ನಿಜವಾಗ್ಲೂ ಬೇಜಾರಾಯ್ತು. ಆದ್ರೆ ಇದು ಏಷ್ಯಾ ಫೆಡರೇಷನ್ ತನಕ ಹೋಗಲ್ಲ, ಹೋಗೋ ಹಾಗೂ ಇಲ್ಲ. ರಾಜ್ಯದ ಮೀಟ್‌ನಲ್ಲಿ ಆದದ್ದು ಆ ಮೀಟ್‌ನಲ್ಲೇ, ಅದೂ ಅರ್ಧ ಗಂಟೆ ಒಳಗೆ ಮುಗೀಬೇಕು. ವರ್ಲ್ಡ್ ಅಕ್ವಾಟಿಕ್ಸ್ ನಿಯಮ ಹೇಳೋದು ಇಷ್ಟು: ರೇಸ್ ಮುಗಿದ 30 ನಿಮಿಷದೊಳಗೆ ಟೀಮ್ ಮ್ಯಾನೇಜರ್ ಬರವಣಿಗೆಯಲ್ಲಿ, ಡೆಪಾಸಿಟ್ ಹಣದ ಜೊತೆ, ರೆಫರಿಗೆ ಪ್ರೊಟೆಸ್ಟ್ ಕೊಡ್ಬೇಕು. ಗಮನಿಸಿ, ಅಪ್ಪ ಅಮ್ಮ ಕೊಡೋ ಹಾಗಿಲ್ಲ, ಮ್ಯಾನೇಜರ್ರೇ ಕೊಡ್ಬೇಕು. ರೆಫರಿ ತಳ್ಳಿಹಾಕಿದ್ರೆ ಅಲ್ಲಿಂದ ಜ್ಯೂರಿ ಆಫ್ ಅಪೀಲ್ ಅನ್ನೋ ಮೇಲ್ಮನವಿ ಸಮಿತಿ. ಪ್ರೊಟೆಸ್ಟ್ ಗೆದ್ರೆ ಡೆಪಾಸಿಟ್ ವಾಪಸ್ಸು, ಸೋತ್ರೆ ಹೋಯ್ತು.

ಇನ್ನೊಂದು ವಿಷ್ಯ ಇದೆ, ಕೇಳೋಕೆ ಕಹಿ, ಆದ್ರೂ ಹೇಳ್ಲೇಬೇಕು. ಅಫಿಷಿಯಲ್ ಕಣ್ಣಾರೆ ಕಂಡ ಸಂಗತಿ ಮೇಲೆ ಪ್ರೊಟೆಸ್ಟ್ ನಡೆಯಲ್ಲ. "ಎರಡು ಕೈ ಒಟ್ಟಿಗೆ ಮುಟ್ಟಲಿಲ್ಲ" ಅನ್ನೋದು ಅಂಥ ಸಂಗತಿ. ಬ್ರೆಸ್ಟ್‌ಸ್ಟ್ರೋಕ್ ಮತ್ತೆ ಬಟರ್‌ಫ್ಲೈನಲ್ಲಿ ಟರ್ನ್‌ಗೂ ಫಿನಿಷ್‌ಗೂ ಎರಡೂ ಕೈ ಒಂದೇ ಸಲಕ್ಕೆ ಗೋಡೆ ಮುಟ್ಟಬೇಕು, ಕೈ ಮೇಲೆ ಕೆಳಗೆ ಇದ್ರೂ ಪರವಾಗಿಲ್ಲ, ಆದ್ರೆ ಒಂದು ಮೊದಲು ಒಂದು ಆಮೇಲೆ ಅಂದ್ರೆ ಆಯ್ತು ಕಥೆ. ಸುಸ್ತಾದ ಮಕ್ಕಳು ಏನು ಮಾಡ್ತಾರೆ ಅಂದ್ರೆ ಗೋಡೆ ಹತ್ರ ಬರ್ತಾ ಇದ್ದಂಗೆ ಟರ್ನ್ ಬೇಗ ಆಗ್ಲಿ ಅಂತ ಒಂದು ಭುಜ ಕೆಳಗೆ ಬಿಡ್ತಾರೆ, ಆ ಕಡೆ ಕೈ ಕಣ್ಣು ಮಿಟುಕಿಸೋಷ್ಟು ತಡ ಆಗತ್ತೆ, ಮೇಲೆ ಬಾಗಿ ನಿಂತಿರೋ ಇನ್ಸ್‌ಪೆಕ್ಟರ್ ಆಫ್ ಟರ್ನ್ಸ್ ಕೈ ಎತ್ತುತ್ತಾರೆ. ಗ್ಯಾಲರಿಯಲ್ಲಿ ಕೂತ ನಮಗೆ ಅದು ಕಾಣೋದೇ ಇಲ್ಲ, ನಮಗೆ ಕಾಣೋದು ಮಗು ಮುಂದೆ ಇದೆ ಅನ್ನೋದಷ್ಟೇ.

ಡಿಕ್ಯೂ ಸ್ಲಿಪ್‌ನಲ್ಲಿ ಕಾರಣ ಬರೆದಿರ್ತಾರೆ, ಅದನ್ನ ಕೋಚ್ ಮೂಲಕ ಕೇಳಿ ತಿಳ್ಕೊಳ್ಳಿ, ಅದು ನಿಮ್ಮ ಹಕ್ಕು. ಆಮೇಲೆ ಪ್ರಾಕ್ಟೀಸ್‌ನಲ್ಲಿ ಸುಸ್ತಾದ ಮೇಲೇನೇ, ಅಂದ್ರೆ ಸೆಟ್‌ನ ಕೊನೇ ರೌಂಡ್‌ಗಳಲ್ಲಿ, ಎರಡು ಕೈ ಟಚ್ ಮಾಡಿಸಿ ಅಂತ ಕೋಚ್‌ಗೆ ಹೇಳಿ. 12ನೇ ವಯಸ್ಸಲ್ಲಿ ರಾಜ್ಯ ಮೀಟ್‌ನಲ್ಲಿ ಇದು ಸರಿಹೋದ್ರೆ ಒಳ್ಳೇದೇ ಆಯ್ತು, ಮುಂದೆ ಏಷ್ಯನ್ ಏಜ್ ಗ್ರೂಪ್ (ವಯೋವರ್ಗದ) ಫೈನಲ್‌ನಲ್ಲಿ ಇದೇ ಆದ್ರೆ ಆ ನೋವು ಇನ್ನೂ ದೊಡ್ಡದು.

ಪ್ರಶ್ನೆ: ರಿಯೋ ಒಲಿಂಪಿಕ್ಸ್‌ನಲ್ಲಿ ಮೂರು ಜನಕ್ಕೆ ಬೆಳ್ಳಿ ಕೊಟ್ರಂತೆ. ಇಷ್ಟು ಟೆಕ್ನಾಲಜಿ ಇಟ್ಕೊಂಡು ಯಾರು ಮುಂದೆ ಅಂತ ಹೇಳೋಕಾಗಲ್ವಾ? (ಕಾಲೇಜು ವಿದ್ಯಾರ್ಥಿ, ಧಾರವಾಡ)

ಅದು 2016ರ 100 ಮೀಟರ್ ಬಟರ್‌ಫ್ಲೈ. ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲಾಸ್, ಲಾಸ್ಲೋ ಚೆ, ಮೂವರೂ 51.14 ಸೆಕೆಂಡ್. ಅವರೆಲ್ಲರಿಗಿಂತ ಮುಂದೆ 50.39ರಲ್ಲಿ ಚಿನ್ನ ಹೊಡೆದದ್ದು ಸಿಂಗಾಪುರದ ಜೋಸೆಫ್ ಸ್ಕೂಲಿಂಗ್, ಏಷ್ಯಾದ ಹುಡುಗ. ನೀವು ಬೆಳ್ಳಿ ಬಗ್ಗೆ ಕೇಳಿದ್ರಿ, ನಂಗೆ ಚಿನ್ನದ ಬಗ್ಗೆ ಹೇಳದೇ ಇರೋಕಾಗ್ಲಿಲ್ಲ.

ಗಡಿಯಾರಕ್ಕೆ ಸೆಕೆಂಡಿನ ಸಾವಿರದಲ್ಲಿ ಒಂದು ಭಾಗ ಅಳೆಯೋ ತಾಕತ್ತಿದೆ, ಬೇಕಂತಲೇ ನೂರರಲ್ಲಿ ಒಂದು ಭಾಗಕ್ಕೆ ನಿಲ್ಲಿಸ್ತಾರೆ. 1972ರ ಮ್ಯೂನಿಕ್‌ನಲ್ಲಿ 400 ಮೀಟರ್ ಮೆಡ್ಲಿಯಲ್ಲಿ (ನಾಲ್ಕೂ ಶೈಲಿ ಸೇರಿದ ರೇಸ್) ಸ್ವೀಡನ್ನಿನ ಗುನ್ನಾರ್ ಲಾರ್ಸನ್ ಅಮೆರಿಕದ ಟಿಮ್ ಮೆಕೀನ ಸೆಕೆಂಡಿನ ಸಾವಿರದಲ್ಲಿ ಎರಡು ಭಾಗದಷ್ಟು ಅಂತರದಲ್ಲಿ ಸೋಲಿಸಿದ್ರು, ಆಮೇಲೆ ನಿಯಮ ಬದಲಾಯ್ತು. ಯಾಕೆ ಅಂದ್ರೆ ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬರೋ ಈಜುಗಾರ ಅಷ್ಟು ಹೊತ್ತಲ್ಲಿ ಹೋಗೋದು ನಾಲ್ಕು ಮಿಲಿಮೀಟರ್. ಆದ್ರೆ ಪೂಲ್ ಕಟ್ಟುವಾಗ್ಲೇ ಲೇನ್‌ನಿಂದ ಲೇನ್‌ಗೆ ಉದ್ದದಲ್ಲಿ ಒಂದು ಸೆಂಟಿಮೀಟರ್ ತನಕ ಹೆಚ್ಚು ಕಮ್ಮಿ ಇರೋಕೆ ನಿಯಮದಲ್ಲೇ ಅವಕಾಶ ಇದೆ. ಅಂದ್ರೆ ಅಷ್ಟು ಸಣ್ಣ ಅಂತರದಲ್ಲಿ ಪದಕ ನಿರ್ಧಾರ ಮಾಡಿದ್ರೆ ಗೆದ್ದದ್ದು ಈಜುಗಾರನಾ, ಗೋಡೆ ಕಟ್ಟಿದ ಮೇಸ್ತ್ರಿನಾ ಗೊತ್ತಾಗಲ್ಲ. ಮೂವರಿಗೂ ಬೆಳ್ಳಿ ಕೊಟ್ಟದ್ದೇ ನ್ಯಾಯ.

ಪ್ರಶ್ನೆ: ನಮ್ಮ ಹುಡುಗರನ್ನ ಒಲಿಂಪಿಕ್ಸ್‌ಗೆ ಕಳಿಸೋದು ಏಷ್ಯಾ ಅಕ್ವಾಟಿಕ್ಸಾ? ಈಜುಗಾರ್ತಿ ಧಿನಿಧಿ 14 ವರ್ಷಕ್ಕೇ ಹೋದದ್ದು ಹೇಗೆ? (ಒಬ್ಬ ತಂದೆ, ಬೆಂಗಳೂರು)

ಈ ಕನ್ಫ್ಯೂಷನ್ ಎಲ್ಲರಿಗೂ ಇದೆ. ಒಲಿಂಪಿಕ್ಸ್ ಅರ್ಹತೆ ವರ್ಲ್ಡ್ ಅಕ್ವಾಟಿಕ್ಸ್ ಕೈಯಲ್ಲಿದೆ, ಅದು ಪ್ರತಿ ರೇಸ್‌ಗೂ ಟೈಮ್ ಗೊತ್ತು ಮಾಡತ್ತೆ, ನಮ್ಮವರು ಅದನ್ನ ಎ ಕಟ್ ಅಂತಾರೆ. ಅದು ಒಪ್ಪಿದ ಮೀಟ್‌ನಲ್ಲಿ ಆ ಟೈಮ್ ಬಂದ್ರೆ ಸೀದಾ ಟಿಕೆಟ್. ಎ ಕಟ್ ಯಾರೂ ಮಾಡದ ದೇಶಕ್ಕೆ ಯೂನಿವರ್ಸಾಲಿಟಿ ಅಂತ ಒಬ್ಬ ಹುಡುಗ ಒಬ್ಬ ಹುಡುಗಿಗೆ ಜಾಗ ಸಿಗತ್ತೆ, ನಮ್ಮ ಫೆಡರೇಷನ್ ಹೆಸರು ಕಳಿಸ್ಬೇಕು. 2024ರ ಪ್ಯಾರಿಸ್‌ಗೆ ಬೆಂಗಳೂರಿನ ಶ್ರೀಹರಿ ನಟರಾಜ್, ಧಿನಿಧಿ ದೇಸಿಂಗು ಇಬ್ಬರೂ ಹೋದದ್ದು ಹಾಗೇ. ಅದನ್ನ ಪುಕ್ಕಟೆ ಟಿಕೆಟ್ ಅಂತ ಆಡಿಕೊಳ್ಳೋರ ಮೇಲೆ ನಂಗೆ ಸಿಟ್ಟಿದೆ. ದೇಶದಲ್ಲಿ ಎಲ್ಲರಿಗಿಂತ ಮುಂದಿದ್ದಾಗ ಮಾತ್ರ ಆ ಜಾಗ ಸಿಗೋದು.

ಟೈಮ್ ಬಂದ್ರೆ ಸಾಲದು, ಕಾಗದನೂ ಸರಿಯಿರಬೇಕು ಅನ್ನೋದಕ್ಕೆ 2021ರ ಕಥೆ ನೋಡಿ. ರೋಮ್‌ನ ಸೆಟ್ಟೆ ಕೋಲಿ ಮೀಟ್‌ನಲ್ಲಿ ಸಾಜನ್ ಪ್ರಕಾಶ್ 200 ಮೀಟರ್ ಬಟರ್‌ಫ್ಲೈನ 1:56.38ರಲ್ಲಿ ಮುಗಿಸಿದ್ರು, ಕಟ್ ಇದ್ದದ್ದು 1:56.48, ಎ ಕಟ್ ಮಾಡಿದ ಮೊದಲ ಭಾರತೀಯ ಆದ್ರು. ಮಾರನೇ ದಿನ ಶ್ರೀಹರಿ 100 ಮೀಟರ್ ಬ್ಯಾಕ್‌ಸ್ಟ್ರೋಕ್ 53.77ರಲ್ಲಿ ಮಾಡಿದ್ರು, ಕಟ್ 53.85. ಆದ್ರೆ ಅದು ರೇಸ್ ಅಲ್ಲ, ಟೈಮ್ ಟ್ರಯಲ್, ಅಂದ್ರೆ ಬರೀ ಟೈಮ್ ನೋಡೋಕೆ ಈಜಿದ್ದು. ಲೆಕ್ಕಕ್ಕೆ ಬರತ್ತೋ ಇಲ್ವೋ ಅಂತ ಎಲ್ಲರೂ ಕಾಯ್ಬೇಕಾಯ್ತು, ನಮ್ಮ ಫೆಡರೇಷನ್ ಫಿನಾಗೆ ಬರೆದು, ಅವರು ಒಪ್ಪಿದ ಮೇಲೇ ಟೋಕಿಯೋ ಒಲಿಂಪಿಕ್ಸ್ ಖಚಿತ ಆದದ್ದು. ಫೆಡರೇಷನ್ ಕೆಲಸ ಅಂದ್ರೆ ಹೆಚ್ಚಿನಂಶ ಇದೇ, ಮೀಟ್‌ಗೆ ಮಾನ್ಯತೆ ಕೊಡಿಸೋದು, ಎಂಟ್ರಿ ಕಳಿಸೋದು, ರಿಸಲ್ಟ್ ದಾಖಲೆ ಮಾಡೋದು. ಟಿವಿಯಲ್ಲಿ ಇದ್ಯಾವುದೂ ಬರಲ್ಲ, ಆದ್ರೆ ಇದೊಂದು ತಪ್ಪಿದ್ರೆ ಹುಡುಗರ ಹತ್ತು ವರ್ಷದ ಶ್ರಮ ನೀರುಪಾಲು.

ಪ್ರಶ್ನೆ: ಚೀನಾ, ಜಪಾನ್ ಇರೋ ಏಷ್ಯಾದಲ್ಲಿ ನಮ್ಮವರು ಗೆಲ್ಲೋದು ಕನಸೇ. ಸುಮ್ನೆ ಹೋಗಿ ಸೋತು ಬರೋದಕ್ಕೆ ಯಾಕೆ ಖರ್ಚು? (ನಿವೃತ್ತ ನೌಕರರು, ಬಾಗಲಕೋಟೆ)

ಹಿರಿಯರು ನೀವು, ಆದ್ರೂ ಇದನ್ನ ನಾನು ಒಪ್ಪಲ್ಲ. 100 ಮೀಟರ್ ಫ್ರೀಸ್ಟೈಲ್‌ನ 46.40 ಸೆಕೆಂಡಲ್ಲಿ ಮುಗಿಸಿ ಪ್ಯಾರಿಸ್‌ನಲ್ಲಿ ವಿಶ್ವದಾಖಲೆ ಮಾಡಿದ ಪಾನ್ ಝಾನ್ಲೆ ಇರೋ ಖಂಡ ನಮ್ಮದು, ನಿಜ. ಅದಕ್ಕೇ ಈ ಖಂಡದ ಮೀಟ್ ನಮಗೆ ಬೇಕು. ನ್ಯಾಷನಲ್ಸ್‌ನಲ್ಲಿ ಅರ್ಧ ಲೇನ್ ಮುಂದೆ ಗೆಲ್ಲೋ ಹುಡುಗನಿಗೆ ಪಕ್ಕದ ಲೇನ್‌ನಲ್ಲಿ ತನಗಿಂತ ಜೋರಾಗಿ ಹೋಗೋನು ಒಬ್ಬ ಇಲ್ದಿದ್ರೆ ಟೈಮ್ ಇಳಿಯೋದೇ ಇಲ್ಲ. ಅಹಮದಾಬಾದ್‌ನಲ್ಲಿ ನಮಗೆ ಚಿನ್ನ ಬರಲಿಲ್ಲ, ಆದ್ರೆ ಶ್ರೀಹರಿ ಒಬ್ಬರೇ ಹಲವು ಪದಕ ತಂದ್ರು, ಬೇರೆಯವರೂ ಪೋಡಿಯಂ ಹತ್ತಿದ್ರು. ಇತಿಹಾಸನೂ ಖಾಲಿ ಇಲ್ಲ, 1951ರ ದೆಹಲಿ ಏಷ್ಯನ್ ಗೇಮ್ಸ್‌ನಲ್ಲಿ ಸಚಿನ್ ನಾಗ್ 100 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದಿದ್ರು, ವಾಟರ್ ಪೋಲೋ ಚಿನ್ನನೂ ನಮ್ಮದೇ, 1986ರ ಸಿಯೋಲ್ ಏಷ್ಯನ್ ಗೇಮ್ಸ್‌ನಲ್ಲಿ ಖಜಾನ್ ಸಿಂಗ್‌ಗೆ ಬೆಳ್ಳಿ.

ದೊಡ್ಡವರ ಚಾಂಪಿಯನ್‌ಶಿಪ್‌ಗಿಂತ ಏಷ್ಯನ್ ಏಜ್ ಗ್ರೂಪ್ ಮೀಟ್ ನಮಗೆ ಹೆಚ್ಚು ಮುಖ್ಯ ಅಂತ ನನ್ನ ಅಭಿಪ್ರಾಯ. 2019ರಲ್ಲಿ ಅದು ಬೆಂಗಳೂರಿನಲ್ಲೇ ಆಯ್ತು, ಯಲಹಂಕ ಕಡೆ ಪಡುಕೋಣೆ-ದ್ರಾವಿಡ್ ಸೆಂಟರ್‌ನಲ್ಲಿ ಈಜು. ಅಲ್ಲಿ ನಮ್ಮ ಬಸವನಗುಡಿ, ಜಯನಗರದ ಮಕ್ಕಳು ವಾರ್ಮ್ ಅಪ್‌ನಲ್ಲಿ ಜಪಾನಿನ, ಥಾಯ್ಲೆಂಡಿನ ಮಕ್ಕಳ ಜೊತೆ ಒಂದೇ ಪೂಲ್‌ಗೆ ಇಳಿದ್ರಲ್ಲ, ಆ ಅನುಭವಕ್ಕೆ ಬೆಲೆ ಕಟ್ಟೋಕಾಗಲ್ಲ. ಆಮೇಲೆ 2024ರಲ್ಲಿ ಅದು ಫಿಲಿಪೀನ್ಸ್‌ನ ನ್ಯೂ ಕ್ಲಾರ್ಕ್ ಸಿಟಿಯಲ್ಲಿ ಆಯ್ತು. ಅದು ಎರಡು ವರ್ಷಕ್ಕೊಮ್ಮೆ ತಪ್ಪದೇ ಆದ್ರೆ ಪದಕದ ಲೆಕ್ಕ ತಾನೇ ಬದಲಾಗತ್ತೆ.

ಪ್ರಶ್ನೆ: ಇಸ್ರೇಲ್ ಏಷ್ಯಾದಲ್ಲೇ ಇದ್ಯಲ್ಲ, ಏಷ್ಯನ್ ಮೀಟ್‌ನಲ್ಲಿ ಯಾಕಿಲ್ಲ? (ಓದುಗರು, ಕಲಬುರಗಿ)

ಫೆಡರೇಷನ್ ನಕ್ಷೆ ಬೇರೆ, ಭೂಗೋಳದ ನಕ್ಷೆ ಬೇರೆ. ರಾಜಕೀಯ ಕಾರಣಕ್ಕೆ ಇಸ್ರೇಲ್ ಯುರೋಪಿನ ಫೆಡರೇಷನ್‌ನಲ್ಲಿದೆ. ಕಜಕಿಸ್ತಾನ ನಮ್ಮ ಜೊತೆ ಇದೆ, ವಾಟರ್ ಪೋಲೋದಲ್ಲಿ ಗಟ್ಟಿ ಟೀಮು.

ಪ್ರಶ್ನೆ: ಮಗನಿಗೆ ಮೀಟ್ ಹಿಂದಿನ ದಿನ ಕೆಮ್ಮು ಬಂದ್ರೆ ಮೆಡಿಕಲ್ ಶಾಪ್‌ನ ಸಿರಪ್ ಕೊಡಬಹುದಾ? (ಒಬ್ಬ ತಾಯಿ, ಹಾಸನ)

ಡಾಕ್ಟರ್‌ಗೆ ಮೊದಲೇ "ಇವನು ಕಾಂಪಿಟಿಷನ್‌ಗೆ ಇಳೀತಾನೆ" ಅಂತ ಹೇಳಿ ಬರೆಸ್ಕೊಳ್ಳಿ, ಅಂಗಡಿಯಿಂದ ಸೀದಾ ತರಬೇಡಿ. ಕೆಲವು ಶೀತ ಕೆಮ್ಮಿನ ಔಷಧಿಗಳಲ್ಲಿ ನಿಷೇಧಿತ ಅಂಶ ಇರತ್ತೆ, ನಿಷೇಧಿತ ಅಂಶಗಳ ಪಟ್ಟಿ ಪ್ರತಿ ಜನವರಿ 1ಕ್ಕೆ ಹೊಸದಾಗತ್ತೆ. ನಮ್ಮ ನಾಡಾದವರ (ದೇಶದ ಡೋಪಿಂಗ್ ತಡೆ ಸಂಸ್ಥೆ) ನೋ ಯುವರ್ ಮೆಡಿಸಿನ್ ಆ್ಯಪ್‌ನಲ್ಲಿ ಹೆಸರು ಹಾಕಿ ನೋಡ್ಬಹುದು. ಆಸ್ತಮಾ ಥರದ್ದು ಇದ್ದು ನಿಷೇಧಿತ ಔಷಧಿ ಬಿಡೋಕೇ ಆಗಲ್ಲ ಅಂದ್ರೆ ಟಿಯುಇ ಅಂತ ಅನುಮತಿ ತಗೋಬೇಕು. "ಗೊತ್ತಿರ್ಲಿಲ್ಲ" ಅನ್ನೋ ಮಾತು ಅಲ್ಲಿ ನಡೆಯಲ್ಲ ಅಮ್ಮಾ.

ಪ್ರಶ್ನೆ: ನಾನು ಪಿ.ಟಿ. ಮೇಷ್ಟ್ರು. ಈಜಿನ ಅಫಿಷಿಯಲ್ ಆಗ್ಬೇಕು ಅಂತ ಆಸೆ. ದಾರಿ ಏನು? (ಶಿವಮೊಗ್ಗ)

ಇಂಥ ಪತ್ರ ಬಂದಾಗ ಖುಷಿ ಆಗತ್ತೆ, ಯಾಕಂದ್ರೆ ಎಲ್ಲರಿಗೂ ಮಗು ಚಾಂಪಿಯನ್ ಆಗ್ಬೇಕು, ಸ್ಟಾಪ್‌ವಾಚ್ ಹಿಡ್ಕೊಂಡು ದಿನವಿಡೀ ಡೆಕ್ ಮೇಲೆ ನಿಲ್ಲೋರು ಯಾರೂ ಇಲ್ಲ. ರಾಜ್ಯ ಸಂಸ್ಥೆಗೆ ಬರೆಯಿರಿ, ಅವರ ಕ್ಲಿನಿಕ್, ಪರೀಕ್ಷೆಗಳು ಯಾವಾಗ ಅಂತ ಕೇಳಿ, ಟೈಮ್‌ಕೀಪರ್ ಆಗಿ ಶುರು ಮಾಡಿ. ಅಲ್ಲಿಂದ ಟರ್ನ್ ಇನ್ಸ್‌ಪೆಕ್ಟರ್, ಸ್ಟ್ರೋಕ್ ಜಡ್ಜ್, ಸ್ಟಾರ್ಟರ್, ರೆಫರಿ ಹೀಗೆ ಮೇಲೆ.

ಮೊದಲ ದಿನ ರೆಫರಿ ಸೀಟಿ ಮೇಲೆ ಕಿವಿ ಇಡಿ. ಚಿಕ್ಕ ಚಿಕ್ಕ ಸೀಟಿ ಸಾಲಾಗಿ ಬಂದ್ರೆ ಈಜುಗಾರರು ಜಾಕೆಟ್ ತೆಗೆದು ರೆಡಿ ಆಗ್ಬೇಕು, ಒಂದು ಉದ್ದ ಸೀಟಿ ಬಂದ್ರೆ ಬ್ಲಾಕ್ (ಹಾರೋ ಕಟ್ಟೆ) ಹತ್ತಬೇಕು, ಬ್ಯಾಕ್‌ಸ್ಟ್ರೋಕ್ ಆದ್ರೆ ನೀರಿಗೆ ಇಳೀಬೇಕು, ಎರಡನೇ ಉದ್ದ ಸೀಟಿಗೆ ಗೋಡೆ ಹತ್ರ ಬರಬೇಕು. ಆಮೇಲೆ ರೆಫರಿ ಕೈ ಚಾಚ್ತಾರೆ, ಅಲ್ಲಿಂದ ಸ್ಟಾರ್ಟರ್‌ದೇ ಅಧಿಕಾರ. "ಟೇಕ್ ಯುವರ್ ಮಾರ್ಕ್ಸ್" ಅಂದಾಗ ಎಲ್ಲರೂ ಅಲ್ಲಾಡದೇ ನಿಂತ ಮೇಲೇ ಸಿಗ್ನಲ್. ಶಿವಮೊಗ್ಗದಲ್ಲೂ ಹೀಗೇ, ಟೋಕಿಯೋದಲ್ಲೂ ಹೀಗೇ.

ಪ್ರಶ್ನೆ: ನಂಗೆ 61 ವರ್ಷ, ದಿನಾ ಈಜ್ತೀನಿ. ನನ್ನಂಥವರಿಗೂ ಏನಾದ್ರೂ ಇದ್ಯಾ? (ಮಂಗಳೂರು)

ಇದೆ, ಮಾಸ್ಟರ್ಸ್ ಅಂತಾರೆ. 25 ವರ್ಷದಿಂದ ಶುರು, ಐದೈದು ವರ್ಷದ ಗುಂಪು, ನೀವು 60ರಿಂದ 64ರ ಗುಂಪಲ್ಲಿ ಬರ್ತೀರಿ, 64 ವರ್ಷದವರ ಜೊತೆ ಸ್ಪರ್ಧೆ, 30 ವರ್ಷದವರ ಜೊತೆ ಅಲ್ಲ. ನಿಮ್ಮೂರಿನ ಎಮ್ಮೆಕೆರೆ ಪೂಲ್‌ನಲ್ಲೇ 2023ರಲ್ಲಿ ನ್ಯಾಷನಲ್ ಮಾಸ್ಟರ್ಸ್ ಆಗಿದೆ. ವರ್ಲ್ಡ್ ಮಾಸ್ಟರ್ಸ್ 2023ರಲ್ಲಿ ಜಪಾನ್, 2024ರಲ್ಲಿ ದೋಹಾ, 2025ರಲ್ಲಿ ಸಿಂಗಾಪುರ, ಸತತ ಮೂರು ಸಲ ಏಷ್ಯಾದಲ್ಲೇ ಆಯ್ತು. ಮೊದಲು ಡಾಕ್ಟರ್ ಹತ್ರ ಹೃದಯ ತೋರಿಸ್ಕೊಳ್ಳಿ, ಬ್ಲಾಕ್‌ನಿಂದ ಹಾರೋ ಅಭ್ಯಾಸ ಇಲ್ದಿದ್ರೆ ನೀರೊಳಗಿಂದಲೇ ಸ್ಟಾರ್ಟ್ ತಗೊಳ್ಳೋಕೂ ಮಾಸ್ಟರ್ಸ್ ನಿಯಮದಲ್ಲಿ ಅವಕಾಶ ಇದೆ. 50 ಮೀಟರ್ ಫ್ರೀಸ್ಟೈಲ್‌ಗೆ ಹೆಸರು ಕೊಡಿ.