ಎಳೆಗೂಸಿಗೆ ಫಿಟ್ಸ್: ಮೊದಲು ಕಾರಣ ಕೇಳಿ

ಪ್ರಶ್ನೆ: ನಮ್ಮ ಮಗುವಿಗೆ ಹುಟ್ಟಿದ ಎರಡನೇ ದಿನ ಫಿಟ್ಸ್ ಬಂತು. ಹತ್ತು ದಿನ ಆಸ್ಪತ್ರೆಯಲ್ಲಿತ್ತು. ಈಗ ಮೂರು ತಿಂಗಳು. ಮುಂದೆ ಬುದ್ಧಿ ಕಡಿಮೆ ಆಗುತ್ತಾ ಸಾರ್?
– ಒಬ್ಬ ತಾಯಿ, ಶ್ರೀನಿವಾಸಪುರ

ಉತ್ತರ: ನೋಡಮ್ಮ, ಫಿಟ್ಸ್ ಯಾಕೆ ಬಂತು ಅಂತ ನೀವು ಬರೆದೇ ಇಲ್ಲ. ಕೋಲಾರದಲ್ಲಿ ನನ್ನ ಹತ್ತಿರ ಬರುವವರೂ ಹೀಗೇ. ಎಷ್ಟು ಸಲ ಬಂತು, ಎಷ್ಟು ಖರ್ಚಾಯಿತು ಅಂತ ಹೇಳುತ್ತಾರೆ, ಕಾರಣ ಕೇಳಿಕೊಂಡು ಬಂದಿರುವುದಿಲ್ಲ. ಮಗುವಿನ ಮುಂದಿನ ದಾರಿ ನಿಂತಿರುವುದೇ ಆ ಕಾರಣದ ಮೇಲೆ.

ಕ್ಯಾಲ್ಸಿಯಂ ಕಡಿಮೆಯಾಗಿ ಬಂದಿದ್ದರೆ, ಅದನ್ನು ಸರಿ ಮಾಡಿದ ಮೇಲೆ ಬಹುಪಾಲು ಮಕ್ಕಳು ಎಲ್ಲರ ಹಾಗೇ ಬೆಳೆಯುತ್ತಾರೆ. ಹೆರಿಗೆ ಹೊತ್ತಿನಲ್ಲಿ ಮೆದುಳಿಗೆ ಆಮ್ಲಜನಕ ಸಾಲದೆ ಬಂದಿದ್ದರೆ, ಪೆಟ್ಟು ಎಷ್ಟು ಬಿದ್ದಿದೆ ಅಂತ ನೋಡಬೇಕು. ತಿಂಗಳು ತುಂಬಿ ಹುಟ್ಟಿದ ಮಕ್ಕಳಲ್ಲಿ ಜಾಸ್ತಿ ಕಾಣುವ ಕಾರಣ ಇದೇ. ಮೆದುಳಿನ ಸೋಂಕು, ರಕ್ತಸ್ರಾವ ಇದ್ದರೆ ನಿಗಾ ಇನ್ನೂ ಜಾಸ್ತಿ ಬೇಕು.

ನನಗೆ ಸಿಟ್ಟು ತರಿಸುವುದು ಸಕ್ಕರೆ ಅಂಶ ಇಳಿದು ಬರುವ ಫಿಟ್ಸ್. ಹಾಲು ಇಳಿದಿಲ್ಲ ಅಂತ ಎರಡು ದಿನ ಜೇನು ನೆಕ್ಕಿಸುತ್ತಾರೆ, ಮೊದಲ ಹಳದಿ ಹಾಲು ಹಿಂಡಿ ಚೆಲ್ಲುತ್ತಾರೆ. ಮಗು ಹಸಿದು ಮಂಕಾಗುತ್ತದೆ. ಮನೆಯವರು ‘ಪಾಪು ಒಳ್ಳೇದು, ಅಳೋದೇ ಇಲ್ಲ’ ಅನ್ನುತ್ತಾರೆ. ರಕ್ತದಲ್ಲಿ ಸಕ್ಕರೆ ತುಂಬ ಇಳಿದು ಹಾಗೇ ಉಳಿದರೆ ಮೆದುಳಿನ ಹಿಂಭಾಗಕ್ಕೆ ಏಟು ಬೀಳುತ್ತದೆ. ಆಮೇಲೆ ದೃಷ್ಟಿ ತೊಂದರೆ, ಅಪಸ್ಮಾರ (ಮತ್ತೆ ಮತ್ತೆ ಫಿಟ್ಸ್ ಬರುವ ಕಾಯಿಲೆ) ಎರಡೂ ಬರಬಹುದು. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಚ್ಚಿದ್ದರೆ ಎಷ್ಟೋ ಮಕ್ಕಳಿಗೆ ಇದು ತಪ್ಪುತ್ತಿತ್ತು.

ಈಗ ನೀವು ನೋಡಬೇಕಾದ್ದು: ಮಗು ಮುಖ ನೋಡಿ ನಗುತ್ತಾ? ನಾಲ್ಕು ತಿಂಗಳಿಗೆ ಕತ್ತು ನಿಲ್ಲಬೇಕು. ತಲೆಯ ಸುತ್ತಳತೆ ಪ್ರತಿ ಭೇಟಿಯಲ್ಲೂ ಅಳೆಸಿ, ಕಿವಿ ಕಣ್ಣು ಒಮ್ಮೆ ಪರೀಕ್ಷೆ ಮಾಡಿಸಿ. ವರ್ಷ ತುಂಬುವ ಮೊದಲೇ ಒಂದೇ ಕೈ ಬಳಸುತ್ತಿದ್ದರೆ ‘ಎಡಚ’ ಅಂತ ಖುಷಿ ಪಡಬೇಡಿ, ಇನ್ನೊಂದು ಕೈಗೆ ಬಲ ಇಲ್ಲದಿರಬಹುದು. ನಿದ್ದೆಯಿಂದ ಎದ್ದಾಗ ನಮಸ್ಕಾರ ಮಾಡುವ ಹಾಗೆ ಸಾಲಾಗಿ ಕುಗ್ಗಿ ಕುಗ್ಗಿ ಬಗ್ಗಿದರೆ, ಮೊಬೈಲಲ್ಲಿ ವಿಡಿಯೊ ಮಾಡಿ ಮಾರನೇ ದಿನವೇ ಬನ್ನಿ. ಅದೂ ಒಂದು ಬಗೆಯ ಫಿಟ್ಸ್ ಇರಬಹುದು. ಅದನ್ನು ಬೆಚ್ಚಿಬೀಳೋದು ಅಂದುಕೊಂಡು ತಿಂಗಳು ಕಳೆದು ಬಂದವರನ್ನು ನೋಡಿ ನನಗೆ ಸಾಕಾಗಿದೆ. ಬೆಳವಣಿಗೆ ಹಿಂದೆ ಬಿದ್ದರೆ ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ವ್ಯಾಯಾಮ, ಮಾತಿನ ತರಬೇತಿ ಕೇಳಿ. ಒಂದು ವರ್ಷ ನೋಡೋಣ ಅಂತ ಕೂರಬೇಡಿ.

ಪ್ರಶ್ನೆ: ಫಿಟ್ಸ್ ಔಷಧಿ ಎಷ್ಟು ವರ್ಷ?

ಉತ್ತರ: ಹುಟ್ಟಿದ ಹೊತ್ತಿನ ಪೆಟ್ಟಿನಿಂದ ಬಂದು ಪೂರ್ತಿ ನಿಂತಿದ್ದರೆ, ಮನೆಗೆ ಕಳಿಸುವ ಮೊದಲೇ ನಿಲ್ಲಿಸಬಹುದು ಅನ್ನುವುದು ಈಗಿನ ಶಿಫಾರಸು. ನಿಮ್ಮ ವೈದ್ಯರನ್ನು ಕೇಳಿ, ನೀವಾಗಿ ನಿಲ್ಲಿಸಬೇಡಿ.

ಪ್ರಶ್ನೆ: ನಿದ್ದೆಯಲ್ಲಿ ಮಾತ್ರ ಕೈಕಾಲು ಅದುರುತ್ತದೆ. ಎಬ್ಬಿಸಿದರೆ ನಿಲ್ಲುತ್ತದೆ.

ಉತ್ತರ: ಬಹುತೇಕ ಫಿಟ್ಸ್ ಅಲ್ಲ. ವಿಡಿಯೊ ತೋರಿಸಿ. ಕಣ್ಣು ಒಂದು ಕಡೆ ನಿಂತುಬಿಟ್ಟರೆ, ಉಸಿರು ತಡೆದರೆ ಮಾತ್ರ ಆಗಲೇ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಬಾಲಗ್ರಹ ಅಂತ ಹೊಟ್ಟೆಗೆ ಬರೆ ಹಾಕಿಸಲು ಅತ್ತೆ ಹೇಳುತ್ತಾರೆ.

ಉತ್ತರ: ಹಾಕಿಸಬೇಡಿ. ಆ ಗಾಯ ಕೀವಾಗಿ, ಸೋಂಕು ರಕ್ತಕ್ಕೆ ಸೇರಿ ಮಗುವಿನ ಜೀವಕ್ಕೇ ಕುತ್ತು ಬರುತ್ತದೆ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ನಾನೇ ಮಾತಾಡುತ್ತೇನೆ.